ಅಮ್ಮನ ಬೆರಳು, ಅಣ್ಣನ ಕಂಪ್ಯೂಟರ್

ಅಮ್ಮ ನನಗೆ ವಾರಕ್ಕೊಂದು ಪತ್ರ ಬರೆಯುತ್ತಿದ್ದಳು. ಶುಕ್ರವಾರ ಮಸ್ಕತ್ತಿನಲ್ಲಿ ರಜೆ ಎಂದು ಅವಳಿಗೆ ಗೊತ್ತು. ನ್ಯೂಜಿಲೆಂಡಿನಲ್ಲಿ ಬೇಸಿಗೆಯಾದರೆ ಅವರ ಗಡಿಯಾರ ನಮ್ಮದಕ್ಕಿಂತ ಒಂಬತ್ತು ಗಂಟೆ ಮುಂದೆ. ನಾನು ಎದ್ದು ಕಾಫಿ ಲೋಟ ಹಿಡಿದು ಕೂರುವಷ್ಟರಲ್ಲಿ ಅಪ್ಪರ್ ಹಟ್‌ನಲ್ಲಿ ಅಮ್ಮನ ಊಟ, ಮಧ್ಯಾಹ್ನದ ನಿದ್ದೆ ಎರಡೂ ಮುಗಿದು ಪತ್ರ ಬಂದಿರುತ್ತಿತ್ತು. ಒಂದೂವರೆ ಪುಟ, ವರ್ಡ್ ಫೈಲು, ನುಡಿ ಅಕ್ಷರ. ಅದನ್ನು ಓದಲೆಂದೇ ನನ್ನ ಲ್ಯಾಪ್‌ಟಾಪಿನಲ್ಲಿ ನುಡಿ ಇಟ್ಟುಕೊಂಡಿದ್ದೇನೆ. ಅಣ್ಣನ ಮನೆಯ ಹಿತ್ತಿಲ ಬೀನ್ಸ್, ಎದುರು ಮನೆಯ ಅಜ್ಜಿಯ ಬೆಕ್ಕು, ತೀರ್ಥಹಳ್ಳಿಯ ಯಾವುದೋ ಹಳೆಯ ಕತೆ, ಕಡೆಗೆ ‘ಹೊತ್ತಿಗೆ ಸರಿಯಾಗಿ ಉಣ್ಣು’. ಆರು ವರ್ಷ ಹೀಗೇ ನಡೆದಿತ್ತು.

2025ರ ಅಕ್ಟೋಬರ್ ಕೊನೆಗೆ ಪತ್ರ ನಿಂತಿತು. ಮೊದಲ ವಾರ ಮರೆತಿರಬೇಕು ಅಂದುಕೊಂಡೆ. ಎರಡನೇ ವಾರ ವಾಟ್ಸ್ಆ್ಯಪ್‌ನಲ್ಲಿ ಅವಳ ಧ್ವನಿ ಬಂತು: ‘ಚೆನ್ನಾಗಿದೀನಿ, ನೀನು ಹೇಗಿದೀಯ?’ ಇಪ್ಪತ್ತು ಸೆಕೆಂಡು, ಅಷ್ಟೆ. ಅಣ್ಣನನ್ನು ಕೇಳಿದರೆ, ‘ಎಪ್ಪತ್ತೈದಾಯ್ತಲ್ಲೇ, ಬರೆಯೋಕೆ ಬೇಜಾರು ಅಂತಾಳೆ’ ಎಂದ.

ಫಾರ್ಮಸಿಯಲ್ಲಿ ಕೆಲಸ ಮಾಡುವವರಿಗೆ ಒಂದು ಕೆಟ್ಟ ಚಾಳಿ. ಮನೆಯವರಿಗೆ ಏನೇ ಆದರೂ ಮೊದಲು ಕಣ್ಣಿಗೆ ಬರುವುದು ಅದಕ್ಕೆ ಕೊಡುವ ಮಾತ್ರೆ. ನಮ್ಮ ಕೌಂಟರಿನಲ್ಲಿ ಡೊನೆಪೆಜಿಲ್ ಚೀಟಿ ತರುವ ಮಕ್ಕಳು ಹೇಳುವುದು ಹೆಚ್ಚುಕಮ್ಮಿ ಒಂದೇ ಮಾತು: ದಿನಾ ಮಾಡುತ್ತಿದ್ದ ಕೆಲಸ ಬಿಟ್ಟುಬಿಟ್ಟರು, ಕೇಳಿದರೆ ಬೇಜಾರು ಅನ್ನುತ್ತಿದ್ದರು, ನಮಗೆ ತಿಳಿಯಲಿಲ್ಲ. ಅದು ಮರೆವಿನ ಕಾಯಿಲೆಗೆ ಕೊಡುವ ಔಷಧಿ. ನವೆಂಬರ್, ಡಿಸೆಂಬರ್ ಎರಡು ತಿಂಗಳೂ ನಾನು ಅದೇ ಯೋಚನೆಯಲ್ಲಿದ್ದೆ. ಯಾರಿಗೂ ಹೇಳಲಿಲ್ಲ. ಜನವರಿಯಲ್ಲಿ ಊರಿಗೆಂದು ಇಟ್ಟುಕೊಂಡಿದ್ದ ರಜೆಯನ್ನು ಅಮ್ಮನಿಗಾಗಿ ತಿರುಗಿಸಿದೆ. ಮಸ್ಕತ್‌ನಿಂದ ದುಬೈ, ದುಬೈನಿಂದ ಆಕ್ಲೆಂಡ್, ಅಲ್ಲಿಂದ ವೆಲ್ಲಿಂಗ್ಟನ್. ಟಿಕೆಟ್ ದುಡ್ಡಿನ ವಿಷಯ ಇಲ್ಲಿ ಬೇಡ. ನಮ್ಮವರು ಇನ್ನೂ ಅದರಿಂದ ಚೇತರಿಸಿಕೊಂಡಿಲ್ಲ.

ಅಪ್ಪರ್ ಹಟ್ ವೆಲ್ಲಿಂಗ್ಟನ್‌ನಿಂದ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆ. ಊರಿನ ಪಕ್ಕದಲ್ಲೇ ಹಟ್ ನದಿ. ಮಾವೊರಿ ಭಾಷೆಯಲ್ಲಿ ತೆ ಅವಾ ಕೈರಂಗಿ. ಸುತ್ತ ಗುಡ್ಡ, ಅದರಾಚೆ ರೆಮುಟಾಕ ಬೆಟ್ಟಸಾಲು. ಮಸ್ಕತ್ತಿನ ಬೋಳು ಬೆಟ್ಟ ನೋಡಿ ನೋಡಿ ಒಣಗಿದ ಕಣ್ಣಿಗೆ ಆ ಹಸಿರು ನಂಬುವಂತಿರಲಿಲ್ಲ. ಜನವರಿಯಲ್ಲಿ ರಾತ್ರಿ ಎಂಟೂವರೆಗೂ ಬೆಳಕು. ಹಾರ್ಕೋರ್ಟ್ ಪಾರ್ಕ್ ಎಂಬ ಉದ್ಯಾನವಿದೆ. ‘ಲಾರ್ಡ್ ಆಫ್ ದ ರಿಂಗ್ಸ್’ ಸಿನಿಮಾದ ಕೆಲವು ಭಾಗ ಅಲ್ಲಿ ತೆಗೆದದ್ದು. ಅಮ್ಮನಿಗೆ ಸಿನಿಮಾ ಬೇಡ, ನದಿಯ ದುಂಡು ಕಲ್ಲುಗಳು ಬೇಕು. ‘ನಮ್ಮ ತುಂಗೆಯಲ್ಲಿ ಕಲ್ಲು ಇದಕ್ಕಿಂತ ದೊಡ್ಡದು’ ಎಂದು ಪ್ರತಿ ಸಲ ಹೇಳುತ್ತಾಳೆ.

ಮೊದಲೆರಡು ದಿನ ಅವಳಿಗೆ ತಿಳಿಯದ ಹಾಗೆ ಪರೀಕ್ಷೆ ಮಾಡಿದೆ. ಇವತ್ತು ಯಾವ ವಾರ, ದೊಡ್ಡಪ್ಪನ ಮಗಳ ಮದುವೆ ಯಾವ ವರ್ಷ, ನೂರರಿಂದ ಏಳು ಏಳು ಕಳೆದರೆ ಎಷ್ಟು. ಮದುವೆಗೆ ಎಷ್ಟು ಸೇರು ಅಕ್ಕಿ ತರಿಸಿದ್ದರು ಎನ್ನುವವರೆಗೆ ಹೇಳಿದಳು. ಏಳು ಕಳೆಯುವ ಲೆಕ್ಕಕ್ಕೆ ಬಂದಾಗ ಕನ್ನಡಕದ ಮೇಲಿಂದ ನೋಡಿ, ‘ನನ್ನ ತಲೆ ಸರಿ ಇದೆಯೋ ಇಲ್ವೋ ನೋಡ್ತಿದೀಯೇನೇ, ಮಾರಾಯ್ತಿ?’ ಎಂದಳು. ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಅತ್ತೆ. ಸಮಾಧಾನಕ್ಕೆ.

ಹಾಗಾದರೆ ಪತ್ರ ಯಾಕೆ ನಿಂತಿತು?

ಅವಳ ಕೋಣೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇತ್ತು, ಮೇಲೊಂದು ಕಸೂತಿ ಬಟ್ಟೆ ಹೊದಿಸಿ. ಅದಕ್ಕೆ ಸಿಕ್ಕಿಸಿದ ಕಪ್ಪು ಕೀಬೋರ್ಡ್ ತೀರ್ಥಹಳ್ಳಿಯಿಂದ ತಂದದ್ದು; ಲ್ಯಾಪ್‌ಟಾಪಿನ ಚಪ್ಪಟೆ ಕೀಗಳು ಅವಳಿಗೆ ಆಗುವುದಿಲ್ಲ. ಮೂರನೇ ದಿನ ಬಟ್ಟೆ ತೆಗೆದು, ‘ಅಮ್ಮಾ, ಒಂದು ಸಾಲು ಬರೆದು ತೋರಿಸು’ ಎಂದೆ. ಬೇಡ ಎಂದಳು. ಒತ್ತಾಯ ಮಾಡಿದೆ. ಕೈಯೆತ್ತಿ, ಕೀಬೋರ್ಡ್ ನೋಡದೆ, ಮೊದಲಿನ ವೇಗದಲ್ಲೇ ‘ನಮ್ಮ ಮನೆ’ ಎಂದು ಒತ್ತಿದಳು. ತೆರೆಯ ಮೇಲೆ ಬಂದದ್ದು: ‘ಲಸಿಸ ಸಲಾ’. ‘ಮಗಳು’ ಎಂದು ಒತ್ತಿದಳು. ‘ಸುಥಹ’ ಎಂದು ಬಂತು.

ನನಗೆ ನಗು ತಡೆಯಲಾಗಲಿಲ್ಲ. ಅಮ್ಮ ನಗಲಿಲ್ಲ. ‘ನಾನೇ ಏನೋ ಒತ್ತಿ ಹಾಳು ಮಾಡಿದೆ’ ಎಂದಳು. ಆಮೇಲೆ ಮೆಲ್ಲಗೆ, ‘ಹಳೇದೆಲ್ಲಾ ಹೋಯ್ತು’ ಎಂದು ಒಂದು ಫೈಲು ತೆರೆದಳು. ಅಪ್ಪನ ಬಗ್ಗೆ ಬರೆದಿಟ್ಟದ್ದಂತೆ. ಅದರಲ್ಲಿ ಒಂದಕ್ಷರವೂ ಕನ್ನಡವಿರಲಿಲ್ಲ. ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಗೀರು, ಚುಕ್ಕೆ, ನಡುನಡುವೆ ಬ್ರಿಟಿಷ್ ಪೌಂಡಿನ ಗುರುತು. ಅಂಥವು 63 ಫೈಲು. ಮೂರು ತಿಂಗಳು ಅದನ್ನು ಯಾರಿಗೂ ಹೇಳದೆ ಬಟ್ಟೆ ಹೊದಿಸಿ ಇಟ್ಟಿದ್ದಳು.

ಆದದ್ದು ಇಷ್ಟು. ವಿಂಡೋಸ್ 10 ಎಂಬುದು 2015ರಲ್ಲಿ ಬಂದದ್ದು; 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲದ ಅವಧಿ ಮುಗಿಯಿತು. ಮುಂದಿನ ವಿಂಡೋಸ್ 11ಕ್ಕೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಕೂಡ ಹೊಸದಿರಬೇಕು. ಅಮ್ಮನ ಲ್ಯಾಪ್‌ಟಾಪ್ ಹಳೆಯದು. ಅಣ್ಣ ಹೊಸದು ಕೊಡಿಸುತ್ತೇನೆ ಎಂದ. ಚೆನ್ನಾಗಿರುವುದನ್ನು ಯಾಕೆ ಎಸೆಯಬೇಕು ಎಂದು ಅಮ್ಮನೇ ಬೇಡ ಎಂದಿದ್ದಾಳೆ. ಒಂದು ಭಾನುವಾರ ಅಣ್ಣ ಅದರಲ್ಲಿ ಲಿನಕ್ಸ್ ಮಿಂಟ್ ಹಾಕಿದ. ಉಚಿತ, ಹಳೆಯ ಯಂತ್ರದಲ್ಲೂ ಚೆನ್ನಾಗಿ ಓಡುತ್ತದೆ, ವೈರಸ್ ಕಾಟ ಕಡಿಮೆ. ಫೈಲುಗಳನ್ನೆಲ್ಲ ಜೋಪಾನವಾಗಿ ಹಿಂದಕ್ಕೆ ಹಾಕಿದ. ಕೀಬೋರ್ಡ್ ಪಟ್ಟಿಯಲ್ಲಿ ‘ಕನ್ನಡ’ ಎಂದು ಕಂಡದ್ದನ್ನು ಆರಿಸಿದ. ತೆರೆಯ ಮೇಲೆ ಒಂದು ಕನ್ನಡ ಅಕ್ಷರ ಮೂಡಿದ್ದನ್ನು ನೋಡಿ, ‘ಎಲ್ಲಾ ಮೊದಲಿನ ಹಾಗೇ ಇದೆ’ ಎಂದು ಎದ್ದು ಹೋದ. ಅವನಿಗೆ ಹಾಗೇ ಇತ್ತು. ಅವನು ಕನ್ನಡದಲ್ಲಿ ಟೈಪ್ ಮಾಡುವುದಿಲ್ಲ.

ಅಮ್ಮನ ಕೈಯ ಕತೆ ಬೇರೆ. 1973ರಲ್ಲಿ ಅವಳು ಸರ್ಕಾರಿ ಕಚೇರಿಗೆ ಸೇರಿದ್ದು ಬೆರಳಚ್ಚುಗಾರ್ತಿಯಾಗಿ, ಕನ್ನಡ ಟೈಪ್‌ರೈಟರಿನ ಮೇಲೆ. ಅವಳಿಗೆ ಐವತ್ತೆರಡಾಗಿದ್ದಾಗ ಕಚೇರಿಗೆ ಕಂಪ್ಯೂಟರ್ ಬಂತು, ಜೊತೆಗೆ ನುಡಿ ಬಂತು. ಮೂವತ್ತು ವರ್ಷ ಒಂದು ಜಾಗದಲ್ಲಿದ್ದ ಅಕ್ಷರಗಳೆಲ್ಲ ಬೇರೆ ಜಾಗಕ್ಕೆ ಹೋದವು. ಆಗ ನಾನು ಡಿ.ಫಾರ್ಮ್ ಓದುತ್ತಿದ್ದೆ. ನಮ್ಮ ಅಡುಗೆಮನೆಯ ಗೋಡೆಗೆ, ಮಿಕ್ಸಿಯ ಮೇಲುಗಡೆ, ಕೀಲಿಮಣೆಯ ಚಿತ್ರ ಅಂಟಿಸಿದ್ದಳು. ಒಗ್ಗರಣೆ ಹಾಕುತ್ತಾ ಎಡಗೈಯಲ್ಲಿ ಗಾಳಿಯಲ್ಲಿ ಒತ್ತು ಕೊಡುತ್ತಿದ್ದಳು. ಮೂರು ತಿಂಗಳು ಬೇಕಾಯಿತು. ಆದರೆ ಆಗ ಕಚೇರಿಯಲ್ಲಿ ನಾಲ್ಕೈದು ಜನ ಒಟ್ಟಿಗೆ ಕಲಿಯುತ್ತಿದ್ದರು, ತಪ್ಪಿದರೆ ಒಟ್ಟಿಗೆ ನಗುತ್ತಿದ್ದರು. ಅಪ್ಪರ್ ಹಟ್‌ನಲ್ಲಿ ಅವಳು ಒಬ್ಬಳೇ.

ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳದ್ದಕ್ಕೆ ಕಾರಣವಿದೆ. ಎರಡು ವರ್ಷದ ಹಿಂದೆ ನಾನು ಕೆಲಸ ಮಾಡುವ ಕಡೆ ಫಾರ್ಮಸಿಯ ಸಾಫ್ಟ್‌ವೇರ್ ಬದಲಾಯಿತು. ಅರ್ಧ ದಿನ ತರಬೇತಿ. ಹಳೆಯದರಲ್ಲಿ ಔಷಧಿಯ ಮೊದಲ ಮೂರು ಅಕ್ಷರ ಹೊಡೆದರೆ ಪಟ್ಟಿ ಬರುತ್ತಿತ್ತು. ‘ಮೆಟ್’ ಎಂದು ಹೊಡೆದು, ಬಾಣದ ಕೀ ಒಮ್ಮೆ ಕೆಳಗೆ, ಎಂಟರ್: ಮೆಟ್ರೊನಿಡಜೋಲ್. ನೋಡುವ ಅಗತ್ಯವೇ ಇರಲಿಲ್ಲ. ಹೊಸದರಲ್ಲಿ ಪಟ್ಟಿಯ ಕ್ರಮ ಬೇರೆ. ಅದೇ ಜಾಗದಲ್ಲಿ ಮೆಟ್‌ಫಾರ್ಮಿನ್ ಕೂತಿತ್ತು. ಒಂದು ಸೋಂಕಿಗೆ, ಒಂದು ಸಕ್ಕರೆ ಕಾಯಿಲೆಗೆ. ಎರಡೂ 500 ಮಿಲಿಗ್ರಾಂ ಮಾತ್ರೆ, ಎರಡರದೂ ಹೆಸರು ‘ಮೆಟ್’ನಿಂದ ಶುರು. ಸಂಜೆಯ ಗಲಾಟೆಯಲ್ಲಿ ನನ್ನ ಬೆರಳು ಹಳೆಯ ಲೆಕ್ಕದಲ್ಲೇ ಹೋಯಿತು. ಲೇಬಲ್ ಬಂತು, ಲೇಬಲ್ಲಿನಂತೆ ಕಪಾಟಿನಿಂದ ಪೊಟ್ಟಣ ತೆಗೆದೆ. ಎರಡನೇ ಸಲ ಪರೀಕ್ಷಿಸಬೇಕಾದ ಕೇರಳದ ಸಹೋದ್ಯೋಗಿ ಚೀಟಿ ನೋಡಿ, ‘ಇವರಿಗೆ ಹಲ್ಲು ಬಾತಿರುವುದಲ್ಲವಾ?’ ಎಂದು ಕೇಳಿದರು. ನನ್ನ ಬೆನ್ನು ತಣ್ಣಗಾಯಿತು. ರೋಗಿಯ ಕೈಗೆ ಹೋಗಲಿಲ್ಲ, ನಿಜ. ಹೋಗಿದ್ದರೆ ಸೋಂಕು ಹಾಗೇ ಉಳಿಯುತ್ತಿತ್ತು, ಸಕ್ಕರೆ ಕಾಯಿಲೆ ಇಲ್ಲದವರು ಬೇಡದ ಮಾತ್ರೆ ನುಂಗುತ್ತಿದ್ದರು.

ವರದಿ ಬರೆದೆ. ಕಾರಣ ಎಂಬಲ್ಲಿ ‘ಹಳೆಯ ಅಭ್ಯಾಸ’ ಎಂದು ಬರೆದರೆ, ಅದು ಕಾರಣವಲ್ಲ, ಅಜಾಗರೂಕತೆ ಎಂದು ಬರೆಯಿರಿ ಎಂದರು. ಬರೆದೆ. ಆದರೆ ಈಗಲೂ ಒಪ್ಪುವುದಿಲ್ಲ. ಒಂದೇ ಥರ ಕಾಣುವ ಔಷಧಿ ಹೆಸರುಗಳಲ್ಲಿ ಬೇರೆಯಾಗುವ ಭಾಗವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುವ ಪದ್ಧತಿ ನಮ್ಮಲ್ಲಿದೆ, ಕಣ್ಣು ಮೋಸ ಹೋಗದಿರಲಿ ಎಂದು. ಬೆರಳಿಗೆ ಅಂಥ ವ್ಯವಸ್ಥೆ ಯಾರೂ ಮಾಡಿಲ್ಲ. ಅಜಾಗರೂಕತೆಯಿದ್ದವರು ತಡವರಿಸುತ್ತಾರೆ, ಇಲ್ಲಿ ತಪ್ಪುವುದು ಹದಿನಾರು ವರ್ಷ ಸರಿಯಾಗಿ ಮಾಡಿದ ಕೈ. ಅಪ್ಪರ್ ಹಟ್‌ನಲ್ಲೇ ನೋಡಿ: ಅಲ್ಲಿ ನಮ್ಮ ಊರಿನಂತೆ ರಸ್ತೆಯ ಎಡಕ್ಕೆ ಓಡಿಸಬೇಕು. ಅಣ್ಣನ ಕಾರು ಜಪಾನಿನಿಂದ ಬಂದದ್ದು, ಇಂಡಿಕೇಟರ್ ಬಲಗೈಗೆ. ಮಸ್ಕತ್ತಿನ ಕಾರಿನಲ್ಲಿ ಎಡಗೈಗೆ. ಒಂದು ತಿಂಗಳು ಫರ್ಗ್ಯುಸನ್ ಡ್ರೈವ್‌ನ ಪ್ರತಿ ತಿರುವಿನಲ್ಲೂ ಸುಡುಬಿಸಿಲಿನಲ್ಲಿ ನನ್ನ ವೈಪರ್ ಆಡುತ್ತಿತ್ತು. ಅಣ್ಣನ ಮಗ ಹಿಂದಿನ ಸೀಟಿನಲ್ಲಿ ‘ಅತ್ತೆ, ಮಳೆ’ ಎನ್ನುತ್ತಿದ್ದ.

ಆ ಹುಡುಗನೇ ಕಡೆಗೆ ದಾರಿ ಕಂಡುಹಿಡಿದದ್ದು. ಹದಿನೇಳು ವರ್ಷ, ಕನ್ನಡ ಮಾತಾಡುತ್ತಾನೆ, ಓದಲು ಬಾರದು. ಅಮ್ಮ ಮಂಚದ ಮೇಲೆ ಕಾಲು ಚಾಚಿ ಬೀನ್ಸ್ ಸೋಸುತ್ತಿದ್ದಳು. ಅವನು ಕೀಬೋರ್ಡ್ ಪಟ್ಟಿ ತೆರೆದು, ‘ಅತ್ತೆ, ಕನ್ನಡ ಅಂತ ಇನ್ನೊಂದಿದೆ. ಪಕ್ಕದಲ್ಲಿ ಬ್ರಾಕೆಟ್‌ನಲ್ಲಿ ಏನೋ... ಕಗಪ? ಏನದು ಕಗಪ?’ ಎಂದ. ನನಗೂ ಹೊಳೆಯಲಿಲ್ಲ. ಮಂಚದ ಮೇಲಿಂದ ಅಮ್ಮ, ‘ಕನ್ನಡ ಗಣಕ ಪರಿಷತ್ತು, ಮಾರಾಯ!’ ಎಂದಳು. ಬೀನ್ಸ್ ಬುಟ್ಟಿ ಆಚೆಗಿಟ್ಟು ಎದ್ದು ಬಂದಳು.

ನುಡಿ ತಂತ್ರಾಂಶ ಮಾಡಿದ್ದು ಅದೇ ಪರಿಷತ್ತು. ಅದರ ಕೀಲಿ ವಿನ್ಯಾಸಕ್ಕೆ ಮೂಲ ಮಂಗಳೂರು ಕಡೆಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರದು. ಇಂಗ್ಲಿಷಿನ ಕೆ ಒತ್ತಿದರೆ ಕ, ಜಿ ಒತ್ತಿದರೆ ಗ, ಮಹಾಪ್ರಾಣಕ್ಕೆ ಶಿಫ್ಟ್, ಒತ್ತಕ್ಷರ ಬೇಕಾದರೆ ನಡುವೆ ಎಫ್. ಕರ್ನಾಟಕ ಸರ್ಕಾರ ಅದನ್ನೇ ಒಪ್ಪಿಕೊಂಡಿತು. ಅಣ್ಣ ಆರಿಸಿದ್ದು ಇನ್‌ಸ್ಕ್ರಿಪ್ಟ್. 1980ರ ದಶಕದಲ್ಲಿ ಕೇಂದ್ರ ಸರ್ಕಾರ ರೂಪಿಸಿದ್ದು. ಹಿಂದಿಯ ಕ ಎಲ್ಲಿದೆಯೋ ಕನ್ನಡದ್ದೂ ತೆಲುಗಿನದೂ ಅಲ್ಲೇ. ಕಲಿತವರಿಗೆ ಅದೂ ಒಳ್ಳೆಯದೇ. ಆದರೆ ಅದರಲ್ಲಿ ಎನ್ ಒತ್ತಿದರೆ ಲ, ಎಂ ಒತ್ತಿದರೆ ಸ. ಅಮ್ಮನ ‘ನಮ್ಮ’ ‘ಲಸಿಸ’ ಆದದ್ದು ಹಾಗೆ. ಅಮ್ಮನ ಬೆರಳು ಒಂದನ್ನೂ ತಪ್ಪು ಒತ್ತಿರಲಿಲ್ಲ.

ಕಗಪ ಹಾಕಿದ ಮೇಲೂ ಒಂದು ತೊಡಕು ಉಳಿಯಿತು. ಪದದ ಮೊದಲಲ್ಲಿ ಸ್ವರ ಬಂದರೆ ಇನ್ನೊಂದು ಕೀ ಸೇರಿಸಿ ಒತ್ತಬೇಕಿತ್ತು. ನುಡಿಯಲ್ಲಿ ಅದು ತಾನಾಗಿ ಬರುತ್ತಿತ್ತು. ಹುಡುಗ ಇನ್ನೂ ಅರ್ಧ ಗಂಟೆ ಹುಡುಕಿ, ಐಬಸ್ ಎಂಬ ವ್ಯವಸ್ಥೆಯ ಮೂಲಕ ಅದೇ ವಿನ್ಯಾಸದ ಇನ್ನೊಂದು ರೂಪ ಹಾಕಿದ. ಅದು ನುಡಿಯ ಹಾಗೇ ನಡೆದುಕೊಂಡಿತು. ಭಾಷೆ ಬದಲಿಸಲು ಅಮ್ಮ ಸ್ಕ್ರೋಲ್ ಲಾಕ್ ಎಂಬ, ಬೇರೆ ಯಾರೂ ಮುಟ್ಟದ ಕೀ ಒತ್ತುವವಳು. ಅದನ್ನೂ ಹಾಗೇ ಹೊಂದಿಸಿದೆವು.

ಹಳೆಯ ಫೈಲುಗಳು ಎಲ್ಲೂ ಹೋಗಿರಲಿಲ್ಲ. ಹಳೆಯ ನುಡಿ, ಬರಹದ ಫೈಲುಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಫಾಂಟ್ ಅದಕ್ಕೆ ಕನ್ನಡದ ರೂಪ ತೊಡಿಸುತ್ತದೆ. ಫಾಂಟ್ ಇಲ್ಲದಿದ್ದರೆ ಪ್ರತಿ ‘ನ’ದ ಜಾಗದಲ್ಲೂ ಪೌಂಡಿನ ಗುರುತು ಕಾಣುತ್ತದೆ. ನನ್ನ ಲ್ಯಾಪ್‌ಟಾಪಿನಿಂದ ನುಡಿ ಫಾಂಟನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿದೆವು. ಅಪ್ಪನ ಬಗ್ಗೆ ಬರೆದ ಪುಟ ತೆರೆಯಿತು. ‘ಅವರಿಗೆ ಬಸ್ಸಿನ ಕಿಟಕಿ ಪಕ್ಕವೇ ಬೇಕು’ ಎಂಬ ಸಾಲಿನಿಂದ ಶುರು. ಅಮ್ಮ ತೆರೆಗೆ ಕೈ ತಾಗಿಸಿ ನೋಡಿದಳು. ಆಮೇಲಿನ ಎರಡು ವಾರ, ಕನ್ನಡದ ಹುಡುಗರು ಮಾಡಿಟ್ಟಿರುವ ಪರಿವರ್ತಕದಲ್ಲಿ ಎಲ್ಲ 63ನ್ನೂ ಯೂನಿಕೋಡಿಗೆ ತಂದೆವು. ಅಲ್ಲಲ್ಲಿ ಅರ್ಕಾವೊತ್ತು ಜಾಗ ತಪ್ಪಿತ್ತು. ಅಮ್ಮ ಕನ್ನಡಕ ಏರಿಸಿ ಒಂದೊಂದನ್ನೇ ತಿದ್ದಿದಳು. ನಿಮ್ಮ ಊರಿನ ಮನೆಯಲ್ಲೂ ಅಪ್ಪನೋ ಮಾವನೋ ಹೀಗೆ ಬರೆದಿಟ್ಟದ್ದಿದ್ದರೆ, ರಜೆಗೆ ಹೋಗಿ ಹೊಸ ಕಂಪ್ಯೂಟರ್ ಕೊಡಿಸುವ ಮೊದಲು ಒಂದು ಹಳೆಯ ಫೈಲು ತೆರೆದು ನೋಡಿ. ಪೌಂಡು ಕಂಡರೆ ಗಾಬರಿ ಬೇಡ. ಫಾಂಟ್ ಒಂದನ್ನು ಎತ್ತಿಟ್ಟುಕೊಳ್ಳಿ.

ಅಣ್ಣನಿಗೆ ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದ. ಅವನ ಕೆಲಸವೇ ಅದು. ದಿನಕ್ಕೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರ ಮೇಲೂ ಕೂರುತ್ತಾನೆ. (ಅವನ ಮ್ಯಾಕ್‌ನಲ್ಲಿ ಡ್ಯೂಟಿ ಪಟ್ಟಿ ನೋಡಲು ಹೋಗಿ, ಕಂಟ್ರೋಲ್ ಒತ್ತಿ ಒತ್ತಿ ಒಂದಕ್ಷರ ಕಾಪಿಯಾಗದೆ ನಾನು ಬೈದುಕೊಂಡದ್ದು ಬೇರೆ.) ‘ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ ಅಮ್ಮಾ’ ಎಂದ. ‘ನೀನು ಆಫೀಸಿಂದ ಬರೋದೇ ಏಳು ಗಂಟೆಗೆ. ಸುಸ್ತಾಗಿರ್ತೀಯ’ ಎಂದಳು ಅಮ್ಮ. ಅತ್ತಿಗೆ, ‘ಇವರು ಕೇಳಿದ್ದರೂ ಎಲ್ಲಾ ಸರಿ ಇದೆ ಅಂತಲೇ ಹೇಳ್ತಿದ್ದರು ಬಿಡಿ’ ಎಂದರು. ಅದೂ ನಿಜ ಎಂದು ಅಣ್ಣ ಒಪ್ಪಿದ.

ಹೊರಡುವ ಹಿಂದಿನ ಸಂಜೆ ನದಿ ದಂಡೆಯಲ್ಲಿ ನಡೆಯುವಾಗ ಅಣ್ಣ, ‘ನೀವೂ ಇಲ್ಲಿಗೇ ಬಂದುಬಿಡಿ’ ಎಂದ. ಪ್ರತಿ ಸಲ ಹೇಳುತ್ತಾನೆ. ಅಲ್ಲಿ ಫಾರ್ಮಸಿಸ್ಟ್ ಎಂದು ನೋಂದಣಿಯಾಗಲು ಪದವಿ ಬೇಕು; ನನ್ನ ಡಿಪ್ಲೊಮಾ ಸಾಲದು. ನಲವತ್ನಾಲ್ಕನೇ ವಯಸ್ಸಿಗೆ ಮತ್ತೆ ಮೊದಲಿನಿಂದ ಕಲಿಯಬೇಕು. ಆಗದು ಎಂದು ಹೇಳಲು ಹೊರಟವಳು, ಮುಂದೆ ನಡೆಯುತ್ತಿದ್ದ ಅಮ್ಮನನ್ನು ನೋಡಿ ಹೇಳಲಿಲ್ಲ. ಬರುತ್ತೇನೆ ಎಂದೂ ಹೇಳಲಿಲ್ಲ.

ಮಸ್ಕತ್ತಿಗೆ ಬಂದ ಮೊದಲ ದಿನ ಡ್ಯೂಟಿಗೆ ಹೋಗುವಾಗ ಬಲಕ್ಕೆ ತಿರುಗಬೇಕಾದ ಕಡೆ ವೈಪರ್ ಹಾಕಿದೆ. ಒಂದೇ ತಿಂಗಳಿಗೆ ಕೈ ಅಷ್ಟು ಕಲಿತುಬಿಟ್ಟಿತ್ತು.

ಶುಕ್ರವಾರ ಪತ್ರ ಬಂತು, ಎರಡು ಪುಟ. ಬೀನ್ಸ್ ಮುಗಿಯಿತಂತೆ. ಎದುರು ಮನೆಯ ಬೆಕ್ಕು ಮರಿ ಹಾಕಿದೆ. ಮೊಮ್ಮಗ ಅಕ್ಷರ ಕಲಿಯುತ್ತಿದ್ದಾನೆ, ಕಗಪದಿಂದಲೇ ಶುರು ಮಾಡಿ ಕ, ಗ, ಪ ಮೂರು ಬರೆಯುತ್ತಾನೆ. ಕಡೆಯಲ್ಲಿ ಒಂದು ಸಾಲು: ‘ಕೀಬೋರ್ಡಿನ ಎಫ್ ಸವೆದು ಸಡಿಲವಾಗಿದೆ, ಒತ್ತಕ್ಷರ ಬರೆಯುವುದು ಕಷ್ಟ. ಇಂಥದ್ದೇ ಒಂದು ಸಿಕ್ಕರೆ ಕಳಿಸು, ಬೇರೆ ಥರದ್ದು ಬೇಡ.’ ರೂವಿಯ ನಾಲ್ಕು ಅಂಗಡಿ ಸುತ್ತಿದೆ. ಈಗಿನ ಹಲವು ಕೀಬೋರ್ಡುಗಳಲ್ಲಿ ಸ್ಕ್ರೋಲ್ ಲಾಕ್ ಇರುವುದೇ ಇಲ್ಲ. ಎತ್ತರದ ಕೀಗಳಿರುವ, ಸ್ಕ್ರೋಲ್ ಲಾಕ್ ಇರುವ ಕಪ್ಪು ಕೀಬೋರ್ಡ್ ನಿಮ್ಮಲ್ಲಿ ಯಾರ ಬಳಿಯಾದರೂ ಸುಮ್ಮನೆ ಬಿದ್ದಿದ್ದರೆ, ಸಂಘದ ಮುಂದಿನ ಸಭೆಗೆ ಬರುವಾಗ ದಯವಿಟ್ಟು ತನ್ನಿ.